ಕೊಳವೆ ಕೋಣೆಯ ದನಿ

ನ್ಯೂಜರ್ಸಿಯ ಹಳೇ ಥಿಯೇಟರೊಂದರಲ್ಲಿ, ದುರಸ್ತಿಯಾದ ಪೈಪ್ ಆರ್ಗನ್ ಎಂಬ ಕೊಳವೆಗಳ ದೊಡ್ಡ ವಾದ್ಯವನ್ನು ಭಾನುವಾರ ಮಧ್ಯಾಹ್ನ ಜನರಿಗೆ ತೋರಿಸುವವಳು ನಾನು. ಅದನ್ನು ಅವರೆದುರೇ ಶ್ರುತಿ ಮಾಡುತ್ತೇವೆ; ಅದಕ್ಕೆ ಇಬ್ಬರು ಬೇಕು. ನಾನು ಕೆಳಗೆ ಒಂದೊಂದೇ ಕೀ ಒತ್ತಿ ಹಿಡಿಯಬೇಕು. ನನ್ನ ಸಹಾಯಕ ಡೇನಿಯಲ್ ಮೇಲೆ ಕೊಳವೆಗಳ ಕೋಣೆಯಲ್ಲಿ ನಿಂತು, ಸರಿಮಾಡಿ, "ನೆಕ್ಸ್ಟ್" ಎಂದು ಕೂಗಬೇಕು.

ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಜನ ಸೇರಿದ್ದರು. ಡೇನಿಯಲ್ ಮೇಲಿದ್ದಾನೆಂದುಕೊಂಡು ಮೊದಲ ಕೀ ಒತ್ತಿದೆ.

"ನೆಕ್ಸ್ಟ್" ಎಂದಿತು ಮೇಲಿನ ಕೋಣೆಯ ದನಿ. ಪ್ರತಿ ಸಲವೂ ನನ್ನ ಕತ್ತಿನ ಹಿಂದೆ ತಣ್ಣನೆ ಗಾಳಿ ಸುಳಿಯುತ್ತಿತ್ತು. ಅರವತ್ತೊಂದು ಕೀ ಮುಗಿದಾಗ ಆರ್ಗನ್ ಎಂದೂ ಇಲ್ಲದಷ್ಟು ಇಂಪಾಗಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಗ ಡೇನಿಯಲ್ ಮುಂಬಾಗಿಲಿನಿಂದ ಓಡಿಬಂದ.

"ಸಾರಿ ಆಂಟಿ, ಟರ್ನ್‌ಪೈಕ್ ಫುಲ್ ಜಾಮ್. ಮೇಲಿನ್ ರೂಮ್ ಲಾಕ್ ಆಗಿದೆ, ಬೀಗದ ಕೈ ನನ್ನತ್ರಾನೇ ಇದೆ, ತೆಗೀತೀನಿ ಇರಿ."

ಈಗೀಗ ನಾನು ಡೇನಿಯಲ್‌ಗಾಗಿ ಕಾಯುವುದಿಲ್ಲ.