ಗದ್ದ ಎಡಕ್ಕೇ ಇರಲಿ

ನಡುರಾತ್ರಿ ಆಕಳಿಸಿದಾಗ ದವಡೆಯಲ್ಲಿ ‘ಟಕ್’ ಎಂದಿತು. ಹೊಲಿಗೆ ಮಿಷನ್ನಿನ ಮುಂದಿದ್ದ ದರ್ಜಿ ಕಿವಿಯ ಕೆಳಗೆ ಕೈಯಿಟ್ಟುಕೊಂಡಳು. ಈ ಸದ್ದಿನ ಕಾಟಕ್ಕೇ ಅವಳು ನಲವತ್ತಾರನೇ ವಯಸ್ಸಿನಲ್ಲಿ ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದು. ನಾಳೆ ಕ್ಲಿನಿಕ್ಕಿನಲ್ಲಿ ಗದ್ದದ ವಿಷಯವನ್ನೂ ತೀರ್ಮಾನಿಸಬೇಕಿತ್ತು.

ಗದ್ದ ಚಿಕ್ಕಂದಿನಿಂದಲೂ ಎಡಕ್ಕೆ ವಾಲಿತ್ತು. ವಯಸ್ಸಾದಂತೆ ಇನ್ನಷ್ಟು ಎದ್ದು ಕಾಣತೊಡಗಿತ್ತು.

“ತಂತಿಯಿಂದ ಹಲ್ಲು ಸರಿಹೋಗುತ್ತೆ,” ಎಂದಿದ್ದರು ಡಾಕ್ಟರಮ್ಮ. “ಗದ್ದ ನೇರ ಆಗ್ಬೇಕಂದ್ರೆ ಆಪರೇಷನ್ನೇ. ನಿಮ್ಮ ವಿಷಯದಲ್ಲಿ ಅದು ಬರೀ ಅಂದಕ್ಕೆ. ಬೇಕೋ ಬೇಡ್ವೋ, ನೀವೇ ಹೇಳಿ.”

ಮರುದಿನ ಕ್ಲಿನಿಕ್ಕಿಗೆ ಅಕ್ಕನೂ ಬೆನ್ನು ಹತ್ತಿ ಬಂದಳು. “ಮಾಡಿಸ್ಕೊಂಡ್ಬಿಡೇ. ಈ ಮೂತಿ ನೋಡೇ ತಾನೆ ಬಂದ ಗಂಡುಗಳೆಲ್ಲ ಕಾಲ್ಕಿತ್ತಿದ್ದು?”

ಫೋಟೊ ಕೋಣೆಯಲ್ಲಿ, ತಿಂಗಳಿಗೊಮ್ಮೆ ದರ್ಜಿಯ ಫೋಟೊ ತೆಗೆಯುವ ಕ್ಲಿನಿಕ್ಕಿನ ಫೋಟೊಗ್ರಾಫರ್ ಅವಳ ಮುಖದ ಮುಂದೆ ಗುಂಡು ಕಟ್ಟಿದ ದಾರ ಇಳಿಬಿಟ್ಟ. ಮೂಗು, ಗದ್ದ ಎಷ್ಟು ಸರಿದಿವೆ ಎಂದು ನೋಡುವುದು ಹಾಗೆ. ಐವತ್ತರ ಒಂಟಿ ಮನುಷ್ಯ. ನಗುವ ಮೊದಲೇ ಕಣ್ಣು ಕಿರಿದಾಗುತ್ತಿತ್ತು.

“ಮತ್ತೆ ತಲೆ ವಾಲಿಸಿದ್ರಿ ಮೇಡಂ.”

“ನೆಟ್ಟಗಿಟ್ರೆ ಸೊಟ್ಟ ಕಾಣುತ್ತೆ.”

“ಕಾಣ್ಲಿ ಬಿಡಿ. ಯಾರಪ್ಪನ ಗಂಟು ಹೋಗುತ್ತೆ?”

ಅವಳು ನಕ್ಕಳು. ತಂತಿ ಮಿನುಗಿತು. ಅಭ್ಯಾಸದಂತೆ ಬಾಯಿಗೆ ಅಡ್ಡ ಹೋದ ಕೈ ಅರ್ಧ ದಾರಿಯಲ್ಲೇ ನಿಂತಿತು. ಅವನು ನೋಡುತ್ತಿದ್ದ.

ಬಳಿಕ ಅವನು ಅವಳ ಮುಖದ ಬಲ ಅರ್ಧವನ್ನೇ ಕನ್ನಡಿಯಂತೆ ತಿರುಗಿಸಿ ಎಡಕ್ಕೂ ಜೋಡಿಸಿ ಪರದೆಯ ಮೇಲೆ ತೋರಿಸಿದ. ಒಂದಿಷ್ಟೂ ಓರೆಯಿಲ್ಲದ ಮುಖ.

“ಅಯ್ಯೋ, ಗೊಂಬೆ ಕಣೇ!” ಎಂದು ಅಕ್ಕ ಡಾಕ್ಟರಮ್ಮನ ಬಳಿಗೆ ಓಡಿದಳು.

ದರ್ಜಿಗೆ ಆ ಮುಖದ ಗುರುತೇ ಹತ್ತಲಿಲ್ಲ. “ಯಾರಿವಳು?”

“ನಂಗೂ ಗೊತ್ತಿಲ್ಲ.” ಅವನು ಪರದೆ ಆರಿಸಿದ. “ಪ್ರತಿ ತಿಂಗಳು ನಾನು ದಾರಿ ಕಾಯೋದು ಇವಳಿಗಲ್ಲ.”

ಅವಳು ದರ್ಜಿಯ ಕಣ್ಣಿನಿಂದ ಅವನನ್ನು ಅಳೆದು ಹೇಳಿದಳು: “ನಿಮ್ಮ ಎಡ ಭುಜ ಇಳಿದಿದೆ.”

“ಕ್ಯಾಮೆರಾ ಬ್ಯಾಗು ಹೊತ್ತು ಹೊತ್ತು. ಅಂಗಿ ಯಾವತ್ತೂ ಸರಿ ಕೂರಲ್ಲ.”

“ಅಂಗಡಿಗೆ ಬನ್ನಿ, ಅಳತೆ ತಗೋತೀನಿ. ಆದ್ರೆ ಭುಜಕ್ಕೆ ಪ್ಯಾಡ್ ಇಟ್ಟು ಸರಿಮಾಡಲ್ಲ.”

“ಮತ್ತೆ?”

“ಭುಜ ಹೇಗಿದ್ಯೋ ಹಾಗೇ ಹೊಲೀತೀನಿ.”

ಅವನ ಕಣ್ಣು ಕಿರಿದಾಯಿತು. ನಗು ಬರುವಷ್ಟರಲ್ಲಿ ಅವಳು ದಾರವನ್ನು ಪಕ್ಕಕ್ಕೆ ಸರಿಸಿ ಅವನ ಕೆನ್ನೆಗೆ ಮುತ್ತಿಟ್ಟಳು. ತಂತಿ ತಾಗಿ ಅಲ್ಲೊಂದು ಸಣ್ಣ ಗೀರು ಮೂಡಿತು.

ಹೊರಗೆ ಡಾಕ್ಟರಮ್ಮ ಕಾಯುತ್ತಿದ್ದರು.

“ಹಲ್ಲು ಸರಿಮಾಡಿ. ಗದ್ದಕ್ಕೆ ಕೈ ಹಚ್ಬೇಡಿ. ಇದು ನನ್ನದೇ.”

“ತಲೆ ಕೆಟ್ಟಿದ್ಯೇನೇ?” ಅಕ್ಕನ ದನಿ ಏರಿತು. “ಒಳಗೇನಾಯ್ತು?”

“ಫೋಟೊ ತೆಗೆದ್ರು.”

ಅಷ್ಟೇ ಸಾಕು. ಇಷ್ಟು ವರ್ಷ ಅವಳ ಮುಖದ ಬಗ್ಗೆ ಊರೆಲ್ಲ ಮಾತಾಡಿತ್ತು. ಆ ಗೀರಿನ ಸುದ್ದಿಯನ್ನು ಮಾತ್ರ ಯಾರ ಬಾಯಿಗೂ ಕೊಡುವುದಿಲ್ಲ ಎಂದುಕೊಂಡು, ತಲೆಯನ್ನು ನೆಟ್ಟಗೆ ಎತ್ತಿ ಅವಳು ಬೀದಿಗಿಳಿದಳು.