ಅಮ್ಮತ್ತಿಯ ತಾರಸಿಯ ಮೇಲೆ ನಾಲ್ಕು ಗೀರು

ಮೊದಲ ಹೂಮಳೆ ಬಿದ್ದು ಮೂರು ದಿನವಾಗಿತ್ತು. ಕೊಡಗೆಲ್ಲ ಕಾಫಿ ಹೂವಿನ ಘಮದಲ್ಲಿ ಹಿಗ್ಗುತ್ತಿದ್ದಾಗ ಶಶಿಕುಮಾರ್ ಒಬ್ಬನೇ ಮುಖ ಒಣಗಿಸಿಕೊಂಡು ಕುಶಾಲನಗರದ ನನ್ನ ಹಾರ್ಡ್‌ವೇರ್ ಅಂಗಡಿಗೆ ಬೆಳಿಗ್ಗೆ ಏಳೂವರೆಗೇ ಬಂದ. ಅವನಿಗೆ ಬೇಕಾಗಿದ್ದುದು ನಾನಲ್ಲ, ದಿನವೂ ಅಲ್ಲಿ ಕೂತು ಪೇಪರ್ ಓದುವ ರಂಗಮ್ಮಕ್ಕ. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದ ಮೇಲೂ ಜನ ತಮ್ಮ ತಂಟೆ ತಕರಾರನ್ನೆಲ್ಲ ಅವರ ಮುಂದೆಯೇ ತಂದು ಸುರಿಯುತ್ತಾರೆ. ಆಗೆಲ್ಲ ಅಂಗಡಿ ಮುಚ್ಚಿ ಅವರನ್ನು ಬೈಕಿನಲ್ಲಿ ಕರೆದೊಯ್ಯುವುದು ಕೀರ್ತಿಕುಮಾರನೆಂಬ ನನ್ನ ಪಾಲಿನ ಭಾಗ್ಯ.

"ಅಕ್ಕಾ, ನನ್ನ ಹೆಸರು ಉಳಿಸಿ," ಎಂದ ಶಶಿ. "ಅಮ್ಮತ್ತಿ ಬೋಜಣ್ಣನ ತಾರಸಿಗೆ ಜನವರೀಲಿ ಸೋರದ ಹಾಗೆ ಟಾರಿನ ಕಪ್ಪು ಶೀಟ್ ಹಾಕಿದ್ದೆ. ಎರಡು ದಿನ ನೀರು ಕಟ್ಟಿ ನಿಲ್ಲಿಸಿ ಟೆಸ್ಟ್ ಮಾಡಿದ್ದೆ, ಒಂದು ಹನಿ ಇಳೀಲಿಲ್ಲ. ಈಗ ಮಳೆಗೆ ಹಾಲ್ ತುಂಬ ಸೋರಿದೆ. ಶೀಟ್ ಮೇಲೆ ಗೀರುಗಳಿವೆ, ಯಾರೋ ಸೀಳಿದ್ದಾರೆ. ಬೋಜಣ್ಣ ಮಾತ್ರ ನನ್ನ ಜಾಯಿಂಟೇ ಬಿಟ್ಟಿದೆ ಅಂತ ಊರಿಗೆಲ್ಲ ಸಾರಿದ್ದಾರೆ. ಭವನದ ತಾರಸಿ ಕೆಲಸ ಯಾರಿಗೆ ಅಂತ ತೀರ್ಮಾನಿಸೋಕೆ ಇವತ್ತು ಸಂಜೆ ಸಮುದಾಯ ಭವನದ ಕಮಿಟಿ ಕೂರುತ್ತೆ. ಆ ಕೆಲಸ ತಪ್ಪಿದರೆ ನನ್ನ ಆರು ಜನ ಹುಡುಗರು ಚದುರಿ ಹೋಗ್ತಾರೆ."

"ಯಾರ ಮೇಲಾದ್ರೂ ಅನುಮಾನ ಐತೇನಪ್ಪಾ?"

"ಮೇಸ್ತ್ರಿ ನಿಂಗ. ಸಿಮೆಂಟ್ ಕೋಟಿಂಗ್ ಸಾಕು ಅಂತ ಅವನು ಹೇಳಿದ್ದ, ಬೋಜಣ್ಣ ನನ್ನ ಶೀಟ್ ಒಪ್ಪಿಕೊಂಡರು. ಒಂದೇ ಮಳೆಗೆ ಕಿತ್ತು ಬರುತ್ತೆ ಅಂತ ಟೀ ಅಂಗಡೀಲಿ ಶಪಥ ಮಾಡಿದ್ದನಂತೆ. ಹೋದ ವಾರ ಪ್ಯಾರಪೆಟ್ ಗೋಡೆಯ ಬಿರುಕು ಮುಚ್ಚೋಕೆ ಅಂತ ತಾರಸಿಗೂ ಹತ್ತಿದ್ದಾನೆ."

ಕಳ್ಳ ಸಿಕ್ಕಿಬಿದ್ದನೆಂದು ನಾನು ಆಗಲೇ ತೀರ್ಮಾನಿಸಿದ್ದೆ. ನನ್ನ ತೀರ್ಮಾನಗಳಿಗೆ ರಂಗಮ್ಮಕ್ಕ ಬೆಲೆ ಕೊಟ್ಟ ದಿನ ಇನ್ನೂ ಬಂದಿಲ್ಲ.

ಅಂದೇ ಬೆಳಿಗ್ಗೆ ಒಂಬತ್ತಕ್ಕೆ ನಾವು ಅಮ್ಮತ್ತಿಯಲ್ಲಿ, ಶಶಿ ಬೋಜಣ್ಣ ಎನ್ನುವ ಬೋಜಪ್ಪನವರ ತಾರಸಿಯ ಮೇಲಿದ್ದೆವು. ರಂಗಮ್ಮಕ್ಕ ಮೊದಲು ಜಾಯಿಂಟುಗಳ ಮೇಲೆ ಬೆರಳಾಡಿಸಿದರು. ಒಂದು ಶೀಟಿನ ಅಂಚು ಇನ್ನೊಂದರ ಮೇಲೆ ನಾಲ್ಕು ಇಂಚು ಹತ್ತಿ, ಬರ್ನರಿನ ಉರಿಗೆ ಕರಗಿ ಭದ್ರವಾಗಿ ಕೂತಿತ್ತು. ಗೀರುಗಳಿದ್ದುದು ಶೀಟುಗಳ ನಡುಮಧ್ಯೆ, ದಿನವಿಡೀ ಬಿಸಿಲು ಬೀಳುವ ಭಾಗದಲ್ಲಿ ಮಾತ್ರ. ನಾಲ್ಕು ನಾಲ್ಕರ ಸಾಲು, ಸಮಾನ ಅಂತರ, ಸ್ವಲ್ಪ ಬಾಗಿದ ಗೆರೆ. ಪ್ರತಿ ಗೀರಿನ ಅಂಚೂ ಸುರುಳಿಯಾಗಿ ಮೇಲೆದ್ದಿತ್ತು. ಅಕ್ಕ ಹೆಬ್ಬೆರಳಿನ ಉಗುರನ್ನು ಶೀಟಿಗೆ ಒತ್ತಿದರು. ಗುರುತು ಮೂಡಲಿಲ್ಲ. ನೀರು ಹೋಗುವ ಪೈಪಿನ ಜಾಲರಿಯಲ್ಲಿ ಬೆರಳು ಹಾಕಿ ಏನನ್ನೋ ಹೆಕ್ಕಿ ಸೆರಗಿನ ತುದಿಗೆ ಕಟ್ಟಿಕೊಂಡರು. ಏನೆಂದು ಕೇಳಿದ್ದಕ್ಕೆ, "ಎರಡು ಕಾಳು ಕರಿಮೆಣಸು ಕಣೋ," ಎಂದರು. ನನಗೆ ನಗು ಬಂತು.

ಬೋಜಪ್ಪನವರ ತಾಯಿ ಪೂವಮ್ಮ ನಮ್ಮನ್ನು ಊಟ ಮಾಡಿಸದೆ ಬಿಡಲಿಲ್ಲ. ಅಕ್ಕಿ ರೊಟ್ಟಿಗೆ ಕರಿಮೆಣಸಿನ ಕೋಳಿ ಸಾರು. ಸಾರಿಗೆ ಏನೋ ಒಂದು ಸೀದ ವಾಸನೆಯಿತ್ತು, ಆದರೂ ನಾನು ಮೂರು ಸಲ ಹಾಕಿಸಿಕೊಂಡೆ.

"ಮೆಣಸು ಈ ವರ್ಷದ್ದಾ ಅಮ್ಮಾ?" ಎಂದರು ರಂಗಮ್ಮಕ್ಕ.

"ಹೌದು, ನಮ್ಮದೇ. ಬೇರೆಯವರದ್ದು ಐದು ದಿನ ಬೇಕು, ನಮ್ಮದು ಎರಡೇ ದಿನಕ್ಕೆ ಒಣಗಿತು!" ಮುದುಕಿ ಹೆಮ್ಮೆಯಿಂದ ಬೀಗಿದರು.

ರಂಗಮ್ಮಕ್ಕ ಕೈ ತೊಳೆದು, ಮಧ್ಯಾಹ್ನ ಎರಡಕ್ಕೆ ಎಲ್ಲರೂ ತಾರಸಿಗೆ ಬರಬೇಕೆಂದರು.

ಎರಡು ಗಂಟೆಯ ಬಿಸಿಲಿಗೆ ಆ ಕಪ್ಪು ಶೀಟು ಕಾದ ಹೆಂಚಾಗಿತ್ತು. ಬೋಜಪ್ಪ ಗಂಟು ಮೋರೆ ಹಾಕಿ ನಿಂತಿದ್ದರು. ಸುದ್ದಿ ಕೇಳಿ ಬಂದಿದ್ದ ನಿಂಗ ಬಾಯಿ ತೆರೆಯುವ ಮೊದಲೇ ಕೈ ಮುಗಿದ. "ಅಮ್ಮಾವ್ರೇ, ಬಾಯಿ ಹರಿಬಿಟ್ಟಿದ್ದು ನಿಜ, ಕೈ ಇಕ್ಕಿಲ್ಲ. ಅವತ್ತು ಬೆಳಿಗ್ಗೆ ಏಳಕ್ಕೆ ಹತ್ತಿ ಎಂಟಕ್ಕೆ ಇಳಿದೆ."

"ಅದೇ ನಿನ್ನ ಉಳಿಸ್ತು," ಎಂದು ರಂಗಮ್ಮಕ್ಕ ಮತ್ತೆ ಉಗುರು ಒತ್ತಿದರು. ಈ ಸಲ ಬೆಣ್ಣೆಗೆ ಒತ್ತಿದ ಹಾಗೆ ಗುರುತು ಬಿತ್ತು. "ಬೆಳಗಿನ ತಂಪಲ್ಲಿ ಈ ಶೀಟು ಗಟ್ಟಿ. ಆಗ ಕತ್ತಿ ಹಾಕಿದ್ರೆ ನೆಟ್ಟಗೆ ಸೀಳ್ತದೆ, ಅಂಚು ಸುರುಳಿ ಏಳಲ್ಲ. ಇದು ಸುಡು ಬಿಸಿಲಲ್ಲಿ, ಮೆತ್ತಗಾಗಿದ್ದಾಗ ಆದದ್ದು. ಹಗಲಲ್ಲಿ, ಎಲ್ಲರ ಕಣ್ಣೆದುರಿಗೆ ಮಾಡೋರಿಗೆ ಮುಚ್ಚಿಡೋದೇನೂ ಇರಲ್ಲ. ಅಂದ್ರೆ ಮನೆಯವರೇ. ಜಾಯಿಂಟ್ ಭದ್ರ ಐತೆ, ಶಶಿ ತಪ್ಪಿಲ್ಲ. ಕೀರ್ತಿ, ಬರುವಾಗ ಕೊಟ್ಟಿಗೇಲಿ ಕಂಡ, ಕಾಳು ಎಳೆಯೋ ಕಬ್ಬಿಣದ ಹಲ್ಲುಕೋಲು ತಗೊಂಡು ಬಾ."

ತಂದೆ. ಅದರ ನಾಲ್ಕು ಹಲ್ಲು ನಾಲ್ಕು ಗೀರಿನ ಮೇಲೆ ಕರಾರುವಾಕ್ಕಾಗಿ ಕೂತವು.

"ಜಾಲರೀಲಿ ಮೆಣಸಿನ ಕಾಳಿತ್ತು. ಎರಡೇ ದಿನಕ್ಕೆ ಒಣಗಿದ ಮೆಣಸು, ಸಾರಲ್ಲಿ ಟಾರಿನ ವಾಸನೆ. ಪೂವಮ್ಮಾ, ಒಣಗಿಸೋ ಕಣದ ತುಂಬ ಕಾಫಿ ಇತ್ತು ಅಲ್ವಾ?"

ಪೂವಮ್ಮ ಕಣ್ಣು ಅಗಲಿಸಿ ಮಗನ ಕಡೆ ತಿರುಗಿದರು. "ಇಷ್ಟು ಬಿಸಿ ಬೇರೆ ಎಲ್ಲಿ ಉಂಟು? ಖಾಲಿ ಬಿಡೋಕಾಗ್ತದಾ? ಫೆಬ್ರವರೀಲಿ ಇಲ್ಲೇ ಮೆಣಸು ಹರಡಿ ಹಲ್ಲುಕೋಲಲ್ಲಿ ಎಳೆದಿದ್ದೆ."

"ಅವ್ವಾ, ಮೂರು ದಿನದಿಂದ ಕೇಳ್ತಾ ಇದ್ದೇನಲ್ಲ!"

"ಶೀಟ್ ಕೊಯ್ದದ್ದು ಯಾರೂಂತ ಕೇಳಿದ್ದೆ ನೀನು. ನಾನು ಎಲ್ಲಿ ಕೊಯ್ದೆ? ಮೆಣಸು ಒಣಗಿಸ್ದೆ."

ಮೊದಲು ನಕ್ಕವನು ನಿಂಗ. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡೆವು, ಶಶಿಯೊಬ್ಬನನ್ನು ಬಿಟ್ಟು. ಅದನ್ನು ಕಂಡು ಬೋಜಪ್ಪನವರ ನಗು ನಿಂತಿತು. "ತಪ್ಪಾಯ್ತು ಶಶಿ. ವಿಚಾರಿಸದೆ ಊರ ಮುಂದೆ ನಿನ್ನ ಹೆಸರು ಕೆಡಿಸಿದೆ," ಎಂದು ಅಲ್ಲೇ ಭವನದ ಅಧ್ಯಕ್ಷ ಉತ್ತಯ್ಯನವರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಶುರು ಮಾಡಲು ತಿಣುಕಾಡುತ್ತಿದ್ದ ಮಗನ ಕೈಯಿಂದ ಪೂವಮ್ಮ ಫೋನ್ ಕಿತ್ತುಕೊಂಡರು.

"ಉತ್ತಯ್ಯಾ, ನಾನು ಪೂವಮ್ಮ. ಹುಡುಗನ ಕೆಲಸ ಬಂಗಾರ. ತೂತು ಮಾಡಿದ್ದು ನಾನು, ಹಲ್ಲುಕೋಲಿಂದ. ಇದನ್ನ ಇವತ್ತು ಮೀಟಿಂಗಲ್ಲಿ ಎದ್ದು ನಿಂತು ಎಲ್ಲರಿಗೂ ಹೇಳು. ನೀನು ಹೇಳದಿದ್ದರೆ ನಾನೇ ಬರ್ತೇನೆ."

ಆ ಕಡೆಯಿಂದ ಉತ್ತಯ್ಯನವರ ನಗು ತಾರಸಿಯೆಲ್ಲ ಕೇಳಿಸಿತು. "ನೀವು ಬರೋದು ಬೇಡ ಅವ್ವಾ, ಹೇಳ್ತೇನೆ. ಸೋಮವಾರದಿಂದಲೇ ಶುರು ಮಾಡಲಿ ಅವನು."

ಶಶಿಕುಮಾರ್ ಬಗ್ಗಿ ಪೂವಮ್ಮನ ಕಾಲು ಮುಟ್ಟಿದ. ಆಕೆ ಅವನ ತಲೆ ಸವರಿ, "ಗೀರಿಗೆಲ್ಲ ತೇಪೆ ಹಾಕು ಮಗಾ," ಎಂದರು. "ಹಾಗೇ, ಈ ಶೀಟಿನ ಒಂದು ತುಂಡು ನನ್ನ ಕಣಕ್ಕೂ ಹಾಸಿಕೊಡು. ಮುಂದಿನ ವರ್ಷ ಮರದ ಹಲಗೇಲಿ ಎಳೀತೇನೆ."

"ಬೇಡ ಅವ್ವಾ, ಟಾರು ವಾಸನೆ!" ಎಂದು ನಾವು ಐದೂ ಜನ ಒಟ್ಟಿಗೇ ಕೂಗಿಕೊಂಡೆವು. ಎಲ್ಲರಿಗಿಂತ ಜೋರಾಗಿ ಕೂಗಿ ನಕ್ಕವನು ಶಶಿ.