ಗೋಡೆಯ ಮೇಲಿನ ಬೆಳಕು

"ಆ ಬೆಳಕು ನಿಜ ಅಲ್ಲ."

ಸಭಾಂಗಣದ ಕೊನೆಯ ಸಾಲಿನಿಂದ ಬಂದ ದನಿ. ವೇದಿಕೆಯ ಮೇಲಿದ್ದ ಅವಳು ಥಟ್ಟನೆ ಅತ್ತ ನೋಡಿದಳು. ಬೇರೆ ಯಾರೇ ಆಗಿದ್ದರೂ ಸಹಿಸಿಕೊಳ್ಳುತ್ತಿದ್ದಳು... ಆದರೆ ಅವನು! ಅವಳೇ 'ಕನ್ನಡಕ' ಎಂದು ಅಕ್ಕರೆಯಿಂದ ಹೆಸರಿಟ್ಟವನು. ಕೆಲವೇ ತಿಂಗಳಲ್ಲಿ ಅವಳ ಕೈಹಿಡಿಯಬೇಕಿದ್ದವನು.

ಹಿಂದಿನ ಪರದೆಯ ಮೇಲೆ ನೂರಾರು ಗ್ಯಾಲಕ್ಸಿಗಳ ಒಂದು ಗುಂಪು. ಅವುಗಳ ನಡುವೆ ತುಂಬಿಕೊಂಡ ಅನಿಲದಿಂದ ಯಾರೂ ಎಣಿಸದಷ್ಟು ತೀವ್ರ ನೇರಳಾತೀತ ಬೆಳಕು ಹೊಮ್ಮುತ್ತಿದೆ ಎಂಬುದು ಅವಳ ಶೋಧ. ವರ್ಷಗಟ್ಟಲೆ ಜೀವ ತೇಯ್ದು ಕಂಡುಕೊಂಡದ್ದು.

"ಚಿತ್ರದ ಅಂಚಿನ ಮಬ್ಬು ಬೆಳಕಷ್ಟೇ ಆಕಾಶದ್ದು ಅಂದ್ಕೊಂಡು, ಅಷ್ಟನ್ನೇ ನೀವು ಇಡೀ ಚಿತ್ರದಿಂದ ಕಳೆದಿದ್ದೀರಿ," ಅವನು ತಲೆ ತಗ್ಗಿಸಿಯೇ ಹೇಳಿದ. "ಆದರೆ ಈ ದೂರದರ್ಶಕದ ಕಣ್ಣು ನಡುವೆ ಚುರುಕು, ಅಂಚಿಗೆ ಮಂದ. ಖಾಲಿ ಆಕಾಶ ನೋಡಿದರೂ ನಡುವೆ ಹೊಳಪು ಕಾಣುತ್ತೆ."

'ನೀವು' ಅಂತೆ! ಯಾರೋ ಪರಿಚಯವಿಲ್ಲದವಳಿಗೆ ಹೇಳುವ ಹಾಗೆ...

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಂಸ್ಥೆಯ ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. "ಪತ್ರಿಕೆಯವರಿಗೆ ಹೇಳೋದು ಸದ್ಯಕ್ಕೆ ಬೇಡ."

ಹೊರಗೆ ಕಾಫಿ ಯಂತ್ರದ ಪಕ್ಕ ಅವನನ್ನು ತಡೆದು ನಿಲ್ಲಿಸಿದಳು.

"ಯಾವಾಗ ಗೊತ್ತಾಯ್ತು?"

"ನಿನ್ನೆ... ಸಂಜೆಗೆ ಮುಂಚೆ."

"ಸಂಜೆ ನಮ್ಮನೇಲಿದ್ದೆ! ಅಪ್ಪನ ಪಕ್ಕ ಕೂತು ಊಟ ಮಾಡಿದೆ!"

"ಹೇಳೋಕೇ ಬಂದಿದ್ದೆ ಕಣೇ. ನಿಮ್ಮಪ್ಪ ನಿನ್ನ ಆ ಗ್ಯಾಲಕ್ಸಿ ಚಿತ್ರಕ್ಕೆ ಚೌಕಟ್ಟು ಹಾಕಿಸಿ ತಂದಿದ್ರು. ಮೊಳೆ ಹೊಡಿಯಪ್ಪಾ ಅಂತ ನನ್ನ ಕೈಗೇ ಸುತ್ತಿಗೆ ಕೊಟ್ರು... ಬಾಯೇ ಬರಲಿಲ್ಲ."

"ಹೊಡೆದೆಯಲ್ಲ! ಮನೇಲಿ ಬಾರದ ಬಾಯಿ, ಇಷ್ಟು ಜನರ ಮುಂದೆ ಬಂತಾ?"

"ನಾಳೆ ಊರಿಗೆಲ್ಲಾ ಗೊತ್ತಾದ ಮೇಲೆ ಬೇರೆ ಯಾರಾದ್ರೂ ತಪ್ಪು ಅಂದಿದ್ರೆ..."

"ಸಾಕು. ನಿನ್ನ ಉಪಕಾರ ಸಾಕು!"

ಮನೆಗೆ ಬಂದು ಆ ಗೋಡೆಯನ್ನೇ ನೋಡುತ್ತಾ ಕುಳಿತಳು. ತಪ್ಪು ಮಾಡಿದೆ ಎಂಬುದಲ್ಲ ಅವಳ ಸಂಕಟ. ಮೊಳೆ ಹೊಡೆದು, ಹಿಂದೆ ಸರಿದು, "ನೇರ ಇದೆಯಾ ನೋಡು" ಎಂದಿದ್ದನಲ್ಲ! ಎಲ್ಲಾ ಗೊತ್ತಿದ್ದೂ...

ವಾರಗಟ್ಟಲೆ ಅವನ ಕರೆಗಳಿಗೆ ಉತ್ತರಿಸಲಿಲ್ಲ. ಅವನದೇ ತಪ್ಪೆಂದು ತೋರಿಸುವ ಹಟ ಹತ್ತಿತು. ಸಂಸ್ಥೆಯಲ್ಲಿ ಯಾರು ಯಾವಾಗ ದೂರದರ್ಶಕ ಬಳಸಬೇಕೆಂದು ಸಮಯ ಹಂಚುವ ಅಕ್ಕನ ಬಳಿ ಹೋಗಿ ಖಾಲಿ ಆಕಾಶದ ಚಿತ್ರಗಳನ್ನು ಕೇಳಿದಳು.

"ಇರೋದೇ ಒಬ್ಬರು ತೆಗೆಸಿದ್ದು. ನಿಮ್ಮ ಕನ್ನಡಕ!" ಅಕ್ಕ ನಕ್ಕಳು. "ಹುಚ್ಚಪ್ಪ. ನಿಮ್ಮ ಭಾಷಣಕ್ಕೂ ಮುಂಚೆ, ತನ್ನ ನಕ್ಷತ್ರ ನೋಡೋಕೆ ಕಾದು ಕಾದು ಸಿಕ್ಕ ಸಮಯಾನೆಲ್ಲಾ ಏನೂ ಇಲ್ಲದ ಕಡೆ ತಿರುಗಿಸಿಬಿಟ್ಟ."

"ಯಾಕಂತೆ?"

"ಅವಳ ಬೆಳಕನ್ನ ಯಾರಾದ್ರೂ ಸುಳ್ಳು ಅಂದ್ರೆ, ನಿಜ ಅಂತ ತೋರಿಸೋಕೆ ಬೇಕು ಅಂದ."

ಅವಳು ಆ ಚಿತ್ರಗಳನ್ನು ಇಸಿದುಕೊಂಡಳು. ನನ್ನನ್ನು ಕಾಯಲು ಹೋಗಿ ನನ್ನ ತಪ್ಪನ್ನೇ ಕಂಡನೇ!

ತನ್ನ ಕೋಣೆಗೆ ಬಂದು, ತನ್ನ ಚಿತ್ರದಿಂದ ಆ ಖಾಲಿ ಆಕಾಶವನ್ನು ಕಳೆದಳು. ಸುತ್ತಲಿನ ಹೊಳಪೆಲ್ಲ ಕರಗಿತು. ಇನ್ನೇನು ಮುಗಿಯಿತು ಎನ್ನುವಾಗ... ಗುಂಪಿನ ನಟ್ಟನಡುವೆ ಒಂದಿಷ್ಟು ಬೆಳಕು ಹಾಗೇ ನಿಂತಿತ್ತು!

ಅವನ ಬಾಗಿಲಲ್ಲಿ ನಿಂತಾಗ ಅವಳಿಗೆ ಏದುಸಿರು.

"ನಡುವೆ ಸ್ವಲ್ಪ ಉಳಿದಿದೆ."

"ನಿಜವಾಗ್ಲೂ?" ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಅವತ್ತು ಸುತ್ತಿಗೆ ಕೆಳಗಿಡಬೇಕಿತ್ತು ಕಣೇ. ನೀನು ಅಳೋದು ನೋಡೋಕೆ ಹೆದರಿದೆ. ಆಮೇಲೆ ಎಲ್ಲರ ಮುಂದೆ ಅಳಿಸಿದೆ. ನೀನಿಲ್ಲದೆ ನನಗೆ ಆಗಲ್ಲ... ಕ್ಷಮಿಸ್ತೀಯಾ?"

"ಇನ್ನೂ ಇಲ್ಲ. ಸಂಜೆ ಮನೆಗೆ ಬಾ. ಆ ಚಿತ್ರ ನೀನೇ ಇಳಿಸಬೇಕು. ಯಾಕೆ ಅಂತ ಅಪ್ಪನಿಗೂ ನೀನೇ ಹೇಳಬೇಕು."

"ಹೇಳ್ತೀನಿ. ಮೊಳೆನೂ ಕೀಳಲಾ?"

ಅವಳು ಅವನ ಕೈಯಿಂದ ಕನ್ನಡಕ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಮೆಲ್ಲಗೆ ಅವನ ಮೂಗಿನ ಮೇಲಿಟ್ಟಳು.

"ಮೊಳೆ ಇರಲಿ ಬಿಡೋ. ಉಳಿದ ಬೆಳಕಿನ ಸಣ್ಣ ಚಿತ್ರ ಒಂದಿದೆ."